ದೋಣಿಗೆ ಮೂಗುದಾರ

ಚರ್ಮಕ್ಕೆ ತೂತು ಹಾಕುವುದು ನನಗೆ ಹೊಸದಲ್ಲ.
ಮೂವತ್ತೊಂದು ವರ್ಷ ಸಖರಾಯಪಟ್ಟಣದ ದನದಾಸ್ಪತ್ರೆಯಲ್ಲಿ
ಡಾಕ್ಟರು ಕೊಯ್ದದ್ದನ್ನು ಹೊಲಿದವನು.
ಆದರೂ ಇವತ್ತು ದಬ್ಬಳ ಕಾಸಿಕೊಂಡು ಕೂತರೆ
ಕೈ ಮುಂದೆ ಹೋಗುತ್ತಿಲ್ಲ.

ಅಂಗಳದಲ್ಲಿ, ಎರಡು ಸ್ಟೂಲಿನ ಮೇಲೆ ಮಲಗಿದೆ ಕಯಾಕು:
ಸಿಲ್ವರ್ ಓಕಿನ ಉದ್ದಪಟ್ಟಿ, ಬಿದಿರಿನ ಪಕ್ಕೆಲುಬು,
ಎಲ್ಲೂ ಮೊಳೆಯಿಲ್ಲ, ಬರೀ ಕಟ್ಟು.
ಮೇಲೆ, ಕಾಫಿ ಒಣಗಿಸುವ ಕಣದ ಹಳೆ ಟಾರ್ಪಾಲು,
ನಡುಬೆನ್ನಿನುದ್ದ, ಎಮ್ಮೆಯ ಹೊಟ್ಟೆ ಮುಚ್ಚುವ ಹೊಲಿಗೆ,
ಮೂರು ಕೋಟು ಬಣ್ಣ.
ಬೆರಳಲ್ಲಿ ಬಾರಿಸಿದರೆ ತಮಟೆಯ ಹಾಗೆ ದನಿ.
ಹದಿನಾಲ್ಕು ಕಿಲೋ.
ಸರ್ವಮಂಗಳ ಇದನ್ನು 'ನಿಮ್ಮ ಕರು' ಅನ್ನುತ್ತಾಳೆ,
ಸಿಟ್ಟು ಬಂದ ದಿನ 'ನಿಮ್ಮ ಸೋರೆಬುರುಡೆ'.

ಅಂದವಾಗಿತ್ತು. ಅದೇ ತಪ್ಪಾಯಿತು.
ಮೂತಿಯಿಂದ ಬಾಲದ ತನಕ ಒಂದು ಗಂಟಿಲ್ಲ, ಕೊಂಡಿಯಿಲ್ಲ,
ಬಲೆಯಿಂದ ಆಗಷ್ಟೇ ನುಸುಳಿದ ಬಾಳೆಮೀನಿನ ಮೈ.
ರಿಟೈರಾದ ಸಂಜೆ, ಹಾರ ಇನ್ನೂ ಕೊರಳಲ್ಲಿರುವಾಗಲೇ
ಅಂದುಕೊಂಡಿದ್ದೆ: ಇನ್ನು ಯಾರ ಕೈಗೂ ಸಿಗಬಾರದು.

ಆಷಾಢದ ಮೊದಲ ವಾರ ಅಯ್ಯನಕೆರೆಗೆ ಇಳಿಸಿದೆ.
ಶಕುನಗಿರಿಯ ಕಡೆಯಿಂದ ಗಾಳಿ ಬಂತು.
ಬಂತು ಅನ್ನುವುದು ಮರ್ಯಾದೆಯ ಮಾತು.
ಹುಟ್ಟಿನ ಒಂದು ಅಲಗು ಕಳಚಿಕೊಂಡು ತನ್ನ ದಾರಿ ಹಿಡಿಯಿತು,
ಕೋಡಿಯ ಕಡೆಗೆ ಹೊರಟೆವು
ನಾನು, ನನ್ನ ಕರು, ನನ್ನ ಪಿಂಚಣಿ.

ಹರಿಗೋಲು ತಂದವಳು ಬೆಸ್ತರ ತಾಯಕ್ಕ, ಜೊತೆಗೆ ಮೊಮ್ಮಗ.
ಹಗ್ಗ ಎಸೆದಳು. ಹಿಡಿದೆ.
ಹಿಡಿದು ಎಲ್ಲಿಗೆ ಕಟ್ಟಲಿ?
ಮೂತಿ ಕೈಗೆ ನಿಲುಕುವುದಿಲ್ಲ, ನಿಲುಕಿದರೂ ಜಾರುತ್ತದೆ,
ಸೊಂಟಕ್ಕೆ ಸುತ್ತಿದರೆ ದೋಣಿ ಅಡ್ಡ ತಿರುಗುತ್ತದೆ.
"ದನಕ್ಕೆ ಮೂಗುದಾರ ಐತೆ, ಬಿಂದಿಗೆಗೆ ಕಂಠ ಐತೆ,
ಹಾಳು ಸೌಟಿಗೂ ಒಂದು ಹಿಡಿ ಐತೆ,
ಇದ್ಯಾವ ಸೀಮೆ ದೋಣಿ ಕಾಂಪೋಂಡ್ರೇ?
ನೀವು ಮುಳುಗಾಕಿಲ್ಲ ಅಂತ ಯಾರಾನ ಬರ್ಕೊಟ್ಟವ್ರಾ?"

ಎರಡೂ ಕೈಗೆ ಹಗ್ಗ ಸುತ್ತಿ ಕೂತೆ. ಅಂಗೈ ಸುಲಿಯಿತು.
ದಡದಲ್ಲಿ ಹುಡುಗ ಅದನ್ನು ಕುರಿಮರಿಯಂತೆ ತಬ್ಬಿ ಎತ್ತಿದ,
ಜಾರಿತು, ಕಲ್ಲಿಗೆ ಉಜ್ಜಿತು.
ನನಗಿಂತ ಮೊದಲು ಅವನೇ "ಅಯ್ಯೋ" ಅಂದ.

ಅದಕ್ಕೇ ಈ ಪಡಿಪಾಟಲು.
ಗುಜರಿಯಿಂದ ಓಮ್ನಿಯ ಸೀಟ್ ಬೆಲ್ಟು,
ಅಂಗೈಗೆಂದು ಗೇಣುದ್ದದ ಎರಡು ತುಂಡು ಪಂಪ್‌ಸೆಟ್ ಪೈಪು.
ನನಗೆ ಗೊತ್ತಿರುವುದು ಇಷ್ಟು: ಭಾರ ಚರ್ಮದ ಮೇಲೆ ಬೀಳಬಾರದು.
ಬೆಲ್ಟು ತೂತಿನಲ್ಲಿ ಇಳಿದು, ಮೂತಿಯ ಕಟ್ಟಿಗೆಯನ್ನು ಎರಡು ಸುತ್ತು ಬಳಸಿ,
ಮೊದಲ ಪಕ್ಕೆಗೆ ಬಿಗಿದುಕೊಂಡು ಮೇಲೆ ಬರಬೇಕು.
ಎಳೆದಾಗ ಎಲುಬು ಬರಬೇಕು,
ಚರ್ಮ ಅದರ ಹಿಂದೆ ತಾನಾಗಿ ಬರುತ್ತದೆ.

ಆದರೆ ತೂತು ತೂತೇ.
ಕಾವಲಿನ ಒಂದು ಹೋರಿಗರುವಿಗೆ ಮೂಗು ಚುಚ್ಚುವಾಗ
ಕೋಡು ಹಿಡಿದವನು ನಾನು.
ದಾರ ಆಚೆ ಬಂದ ಮೇಲೆ ಅದು ಒದೆಯಲಿಲ್ಲ, ನನ್ನನ್ನೇ ನೋಡಿತು.
ನೋವಲ್ಲ ಆ ಕಣ್ಣಲ್ಲಿ ಇದ್ದದ್ದು, ಲೆಕ್ಕ:
ನಾಳೆಯಿಂದ ಯಾರು ಬೇಕಾದರೂ ಹಿಡಿಯಬಹುದಲ್ಲ.

ದಬ್ಬಳ ಆರಿತ್ತು. ಮತ್ತೆ ಕಾಸಿದೆ.
ಚುಯ್ ಅಂತು.
ಪ್ಲಾಸ್ಟಿಕ್ಕಿನ ಹೊಗೆಯೊಳಗೆ ಎಲ್ಲೋ
ಯಾರದೋ ಕಣದ ಹಳೆಯ ಕಾಫಿ.

ಸಂಜೆ ಅವಳು ಹಿಂದಿನ ಹಿಡಿ, ನಾನು ಮುಂದಿನದು,
ಬೀದಿಯ ಕೊನೆಯ ತನಕ ಹೋಗಿ ಬಂದೆವು.
"ಇಷ್ಟೇನಾ ಭಾರ?" ಅಂದಳು.
ಇಷ್ಟು ದಿನ ನಾನೊಬ್ಬನೇ ನರಳುತ್ತ ಹೊತ್ತದ್ದಕ್ಕೆ ಉತ್ತರ ಹೊಳೆಯಲಿಲ್ಲ.
ಮೂತಿಯ ಕೊಂಡಿಗೆ ಮೂರು ಮಾರು ಹಗ್ಗ ಕಟ್ಟುತ್ತಿದ್ದೆ.
"ಬಾಲಕ್ಕೆ?"
ಬಾಲಕ್ಕೆ ಯಾಕೆ, ಎತ್ತಲು ಹಿಡಿ ಇದೆಯಲ್ಲ, ಸಾಕು.
"ನಿಮ್ಮ ಹಿಂದೆ ಇನ್ನೊಬ್ಬರು ತೇಲಿ ಹೋಗ್ತಿದ್ರೆ?"

ದಬ್ಬಳವನ್ನು ಮತ್ತೆ ಒಲೆಗಿಟ್ಟೆ.